ಕರಿ ಒಂದರ ಕಿರಿಕಿರಿ

ರಸಮಂಜರಿ ಕಾರ್ಯಕ್ರಮದಲ್ಲಿ ಬೇಸ್ ಗಿಟಾರ್ ನುಡಿಸುವವನನ್ನು ಯಾರೂ ನೋಡುವುದಿಲ್ಲ. ಹಾಡುವವರಿಗೆ ಚಪ್ಪಾಳೆ, ರಿದಂ ಪ್ಯಾಡ್‌ನವನಿಗೆ ಶಿಳ್ಳೆ, ಕೀಬೋರ್ಡಿನವರಿಗೆ ಫರ್ಮಾಯಿಶಿ ಚೀಟಿ. ಬೇಸ್‌ನವನು ಸ್ಪೀಕರ್ ಮಗ್ಗುಲಲ್ಲಿ ನಾಲ್ಕು ದಪ್ಪ ತಂತಿ ಹಿಡಿದುಕೊಂಡು ನಿಂತಿರುತ್ತಾನೆ. ಅವನು ನುಡಿಸಿದ್ದು ಕಿವಿಗಿಂತ ಹೆಚ್ಚಾಗಿ ಎದೆಗೆ ತಾಕುತ್ತದೆ. ಜನರಿಗೆ ಅವನ ನೆನಪಾಗುವುದು ಎರಡೇ ಸಲ: ಅವನು ಬರದಿದ್ದಾಗ 'ಯಾಕೋ ಹಾಡು ತೆಳ್ಳಗಾತಲ್ಲ' ಅಂತ, ಮತ್ತು ಅವನ ಗಿಟಾರಿನೊಳಗಿಂದ ಏನೋ ಗಿಲಿಗಿಲಿ ಅಂದಾಗ.

ನನ್ನ ಗಿಟಾರ್ ಕಳೆದ ಸೀಸನ್‌ನಲ್ಲಿ ಗಿಲಿಗಿಲಿ ಅನ್ನತೊಡಗಿತು.

ನಾನು ಬನಹಟ್ಟಿಯವನು. ಮೆಕ್ಯಾನಿಕಲ್ ಬಿಇ ಮೂರನೇ ವರ್ಷ. ರಜೆ ದಿನಗಳಲ್ಲಿ, ಜಾತ್ರೆ-ಮದುವೆ ಸೀಸನ್‌ನಲ್ಲಿ ಜಮಖಂಡಿಯ ಒಂದು ಆರ್ಕೆಸ್ಟ್ರಾ ತಂಡದೊಂದಿಗೆ ಬೇಸ್ ನುಡಿಸುತ್ತೇನೆ. ಒಂದು ಕಾರ್ಯಕ್ರಮಕ್ಕೆ 800 ರೂಪಾಯಿ, ದೂರದ ಊರಾದರೆ ಸಾವಿರ. ಪರೀಕ್ಷಾ ಶುಲ್ಕ, ಬಸ್ ಪಾಸ್, ಜೆರಾಕ್ಸ್, ಮೊಬೈಲ್ ರೀಚಾರ್ಜ್ ಎಲ್ಲ ಅದರಲ್ಲೇ ನಡೆಯಬೇಕು. ಮನೆಯಲ್ಲಿ ಆರು ಪಾವರ್‌ಲೂಮ್ ಇವೆ ನಿಜ, ಆದರೆ ಸೀರೆಗೆ ಗಿರಾಕಿ ಇಲ್ಲದ ತಿಂಗಳಲ್ಲಿ ನಾಲ್ಕೇ ತಿರುಗುತ್ತವೆ. ಅಂಥ ತಿಂಗಳಲ್ಲಿ ಅಪ್ಪನ ಹತ್ತಿರ ದುಡ್ಡು ಕೇಳಲು ಬಾಯಿ ಬರುವುದಿಲ್ಲ. ಗಿಟಾರ್ ಕೂಡ ಕೊಲ್ಲಾಪುರದಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ 7,000 ರೂಪಾಯಿಗೆ ತಂದದ್ದು, ಅದೂ ಎರಡು ವರ್ಷದ ಸಂಪಾದನೆ ಕೂಡಿಟ್ಟು.

ಮುಧೋಳದ ಒಂದು ಮದುವೆ ಆರತಕ್ಷತೆ ಮುಗಿಸಿ ಸಾಮಾನು ಕಟ್ಟುವಾಗ ನಮ್ಮ ತಂಡದ ಮಾಸ್ತರ್ ಕರೆದರು. ಅವರೇ ಕೀಬೋರ್ಡ್ ನುಡಿಸುತ್ತಾರೆ. 'ತಮ್ಮಾ, ನಿನ್ನ ಗಿಟಾರಿನ್ಯಾಗ ಜೀರುಂಡಿ ಹೊಕ್ಕೈತೇನು? ಬರೂ ಬುಧವಾರದ ಮುಂದಿನ ಬುಧವಾರ ಬೀಳಗಿಯೊಳಗ ಪ್ರೋಗ್ರಾಂ ಐತಿ. ಅಷ್ಟರಾಗ ಸರಿ ಮಾಡ್ಕೊಂಡ ಬಾ. ಇಲ್ಲಾಂದ್ರ ಎಡಗೈಲೆ ನಾನ ಬೇಸ್ ಹೊಡೀತೀನಿ' ಅಂದರು. ಸಿಟ್ಟಿನ ಮಾತಲ್ಲ ಅದು, ಅವರು ಹಾಗೆ ಮಾಡಬಲ್ಲರು. ಈಗಿನ ಕೀಬೋರ್ಡುಗಳಲ್ಲಿ ಎಡಗೈ ಪಾಲಿನ ಮನೆಗಳಿಗೆ ಬೇಸ್ ದನಿ ಹಾಕಿಕೊಂಡರೆ ಮುಗಿಯಿತು. ಒಂದು ಸಲ ಹಾಗೆ ನಡೆದು, ಜನ ಏನೂ ಅನ್ನದಿದ್ದರೆ, ಮತ್ತೆ ಬೇಸ್‌ನವನಿಗೆ ಕ್ರೂಸರ್‌ನಲ್ಲಿ ಸೀಟೂ ಇಲ್ಲ, ಪಾಕೀಟೂ ಇಲ್ಲ. ದೊಡ್ಡ ಊರಿನ ಒಂದು ಅಂಗಡಿಗೆ ಫೋನ್ ಮಾಡಿದರೆ ಎರಡು ವಾರ ಬಿಟ್ಟು ಹೋಗಿ, ಎರಡೂವರೆ ಸಾವಿರ ಆಗಬಹುದು ಅಂದರು. ನನ್ನ ಕೈಯಲ್ಲಿದ್ದದ್ದು ಒಂಬತ್ತು ದಿನ.

ಮೊದಲು ಈ ಸದ್ದು ಯಾವಾಗ ಬರುತ್ತದೆ ಅಂತ ಗುರುತು ಹಾಕಿಕೊಂಡೆ. ಎಲ್ಲ ಸ್ವರಕ್ಕೂ ಬರುತ್ತಿರಲಿಲ್ಲ. ಕರಿ ಒಂದು ಬಂದಾಗ ಮಾತ್ರ. ಹಾರ್ಮೋನಿಯಂ ಕಂಡವರಿಗೆ ಗೊತ್ತು, ಭಜನಿ ಪದದಿಂದ ಸಿನಿಮಾ ಹಾಡಿನವರೆಗೆ ಎಷ್ಟೋ ಗಂಡಸರು ಷಡ್ಜ ಹಿಡಿಯುವುದೇ ಕರಿ ಒಂದಕ್ಕೆ. ಪಾಶ್ಚಾತ್ಯ ಲೆಕ್ಕದಲ್ಲಿ ಅದು ಸಿ ಶಾರ್ಪ್. ಅಂದರೆ ಹಾಡಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಲ ನುಡಿಸುವ ಸ್ವರಕ್ಕೇ ಈ ಕಾಟ. ಯಾವುದೋ ಮೂಲೆಯ ಸ್ವರಕ್ಕೆ ಬಂದಿದ್ದರೆ ಹೇಗೋ ತಪ್ಪಿಸಿಕೊಂಡು ಹೋಗಬಹುದಿತ್ತು.

ಇಲ್ಲಿ ಸ್ವಲ್ಪ ಗಿಟಾರಿನ ಅಂಗರಚನೆ ಹೇಳಬೇಕು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಎಲೆಕ್ಟ್ರಿಕ್ ಬೇಸನ್ನು ಮಾರುಕಟ್ಟೆಗೆ ತಂದರು. ಅದಕ್ಕೆ ಮೊದಲು ಬೇಸ್ ಅಂದರೆ ಆಳೆತ್ತರದ, ನಿಲ್ಲಿಸಿಕೊಂಡು ನುಡಿಸುವ ವಾದ್ಯ. ಫೆಂಡರ್ ಅದನ್ನು ಕೊರಳಿಗೆ ಹಾಕಿಕೊಳ್ಳುವ ಹಲಗೆ ಮಾಡಿ, ಕುತ್ತಿಗೆಗೆ ಲೋಹದ ಮೆಟ್ಟಿಲು ಕೂರಿಸಿದರು. ಈ ಮೆಟ್ಟಿಲಿಗೆ ಫ್ರೆಟ್ ಅನ್ನುತ್ತಾರೆ. ಬೆರಳು ಹಿಂದೆ ಮುಂದೆ ಆದರೂ ಸ್ವರ ನಿಖರವಾಗಿ ಬರಲಿ ಅಂತ, ಅದಕ್ಕೇ ಪ್ರಿಸಿಷನ್ ಅನ್ನುವ ಹೆಸರು. ಇವತ್ತು ನಮ್ಮಂಥವರ ಕೈಯಲ್ಲಿರುವ ಅಗ್ಗದ ಬೇಸ್‌ಗಳೂ ಹೆಚ್ಚುಕಡಿಮೆ ಅದೇ ಲೆಕ್ಕದವು. ನಟ್‌ನಿಂದ ಬ್ರಿಡ್ಜ್‌ವರೆಗೆ 34 ಇಂಚು ಉದ್ದದ ತಂತಿ. ಅತಿ ದಪ್ಪನೆಯದು ಇ ತಂತಿ, ಸೆಕೆಂಡಿಗೆ 41 ಸಲ ಓಲಾಡುತ್ತದೆ. ನಂತರ ಎ 55, ಡಿ 73, ಜಿ 98. ಇಷ್ಟು ನಿಧಾನವಾಗಿ, ಇಷ್ಟು ಅಗಲವಾಗಿ ತೂಗುವ ತಂತಿ ಇಡೀ ಕಟ್ಟಿಗೆಯನ್ನೇ ಅಲ್ಲಾಡಿಸುತ್ತದೆ. ಕಟ್ಟಿಗೆಯ ಮೇಲೆ ಇರುವುದೆಲ್ಲ ಸ್ಕ್ರೂ, ನಟ್, ಸ್ಪ್ರಿಂಗ್, ತಗಡು. ಅವುಗಳಲ್ಲಿ ಒಂದು ಸಡಿಲಾದರೂ ಅದಕ್ಕೆ ತನ್ನದೇ ಒಂದು ಇಷ್ಟದ ಆವರ್ತಾಂಕ ಇರುತ್ತದೆ. ಆ ಸ್ವರ ಬಂತೋ, ಅದು ಕುಣಿಯತೊಡಗುತ್ತದೆ. ವೈಬ್ರೇಷನ್ಸ್ ಪಾಠದಲ್ಲಿ ಅನುರಣನೆ ಅಂತ ಓದಿ, ಗ್ರಾಫ್ ಬಿಡಿಸಿ, ಹತ್ತು ಅಂಕ ತೆಗೆದುಕೊಂಡದ್ದು ಇದನ್ನೇ.

ಹೀಗೆ ಬೇಸ್ ಗಿಟಾರಿನ ಗಿಲಿಗಿಲಿಯಲ್ಲಿ ಎರಡು ಜಾತಿ. ಒಂದು, ತಂತಿಯೇ ಫ್ರೆಟ್ಟಿಗೆ ಬಡಿಯುವುದು. ಇನ್ನೊಂದು, ಎಲ್ಲೋ ಸಡಿಲಾದ ಬಿಡಿಭಾಗ ಕುಣಿಯುವುದು. ಎರಡರ ಔಷಧಿ ಬೇರೆ ಬೇರೆ. ಬೇರ್ಪಡಿಸಲು ಒಂದು ಸುಲಭ ಪರೀಕ್ಷೆ ಇದೆ, ಖರ್ಚಿಲ್ಲದ್ದು. ಒಂದೇ ಸ್ವರವನ್ನು ಎರಡು ಜಾಗದಲ್ಲಿ ನುಡಿಸಿ ನೋಡುವುದು. ಎ ತಂತಿಯ ನಾಲ್ಕನೇ ಫ್ರೆಟ್ಟಿನಲ್ಲಿ ಸಿಗುವ ಕರಿ ಒಂದೇ ಇ ತಂತಿಯ ಒಂಬತ್ತನೇ ಫ್ರೆಟ್ಟಿನಲ್ಲೂ ಸಿಗುತ್ತದೆ. ಎರಡೂ ಸೆಕೆಂಡಿಗೆ 69 ಕಂಪನ. ಒಂದೇ ಜಾಗದಲ್ಲಿ ಗಿಲಿಗುಟ್ಟಿದರೆ ತಪ್ಪು ಆ ತಂತಿಯದೋ ಫ್ರೆಟ್ಟಿನದೋ. ಎರಡೂ ಕಡೆ ಗಿಲಿಗುಟ್ಟಿದರೆ ತಂತಿಗೂ ಫ್ರೆಟ್ಟಿಗೂ ಸಂಬಂಧವಿಲ್ಲ, ಆ ಸ್ವರಕ್ಕೆ ಕುಣಿಯುವ ಕಳ್ಳ ಬೇರೆ ಎಲ್ಲೋ ಇದ್ದಾನೆ. ನನ್ನದು ಎರಡೂ ಕಡೆ ಗಿಲಿಗುಟ್ಟಿತು.

ಆದರೆ ಕಳ್ಳ ಗಿಟಾರಿನಲ್ಲೇ ಇದ್ದಾನೆ ಅಂತ ಏನು ಗ್ಯಾರಂಟಿ? ಬೇಸ್ ನುಡಿಸಿದರೆ ಕೋಣೆಯೇ ಮಾತಾಡುತ್ತದೆ. ನಮ್ಮ ಮನೆಯ ಅಟ್ಟದ ಮೇಲಿನ ಸ್ಟೀಲ್ ಡಬ್ಬಿ ಮುಚ್ಚಳ, ಕಿಟಕಿ ಗಾಜು, ಮಾಡಿನ ಪತ್ರಾಸು, ಆಂಪ್ಲಿಫೈಯರ್ ಮುಂದಿನ ಜಾಲರಿ ಎಲ್ಲ ಒಂದೊಂದು ಸ್ವರಕ್ಕೆ ದನಿ ಕೂಡಿಸುತ್ತವೆ. ಅದರ ಮೇಲೆ ಬನಹಟ್ಟಿಯಲ್ಲಿ ಮೌನ ಎಲ್ಲಿದೆ? ಒಂದೊಂದು ಮಗ್ಗದಲ್ಲಿ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಆಚೆ ಈಚೆ ಹಾರುತ್ತದೆ. ನಮ್ಮ ಮನೆಯವು, ಪಕ್ಕದ ಮನೆಯವು, ಎದುರು ಓಣಿಯವು ಎಲ್ಲ ಕೂಡಿ ಖಟಾ ಖಟಾ ಅನ್ನುತ್ತಿದ್ದರೆ ಒಂದು ಸಡಿಲ ನಟ್ಟಿನ ಪಿಸುಮಾತು ಕೇಳುವುದು ಸಾಧ್ಯವಿಲ್ಲ.

ಅದಕ್ಕೆ ನಾನು ಕರೆಂಟ್ ಹೋಗುವುದನ್ನು ಕಾದೆ. ನಮ್ಮೂರಲ್ಲಿ ಕರೆಂಟ್ ಹೋಯಿತೆಂದರೆ ಕಿವಿಗೆ ಗೊತ್ತಾಗುತ್ತದೆ, ಕಣ್ಣಿಗಲ್ಲ. ಇಡೀ ಓಣಿ ಒಮ್ಮೆಲೆ ಸುಮ್ಮನಾಗುತ್ತದೆ, ನಾಯಿ ಬೊಗಳುವುದು ಕೂಡ ಹೊಸದಾಗಿ ಕೇಳಿಸುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಕರೆಂಟ್ ಇಲ್ಲದೆ ಏನು ಪರೀಕ್ಷೆ ಅಂತ ತಂಗಿ ನಕ್ಕಳು. ಆದರೆ ಬೇಕಾದದ್ದೇ ಅದು. ಆಂಪ್ಲಿಫೈಯರ್ ಇಲ್ಲ, ಜಾಲರಿ ಇಲ್ಲ, ಮಗ್ಗ ಇಲ್ಲ. ಪಾತ್ರೆಗಳಿಂದ ದೂರ, ಅಂಗಳದ ಬೇವಿನ ಕಟ್ಟೆ ಮೇಲೆ ಕೂತು, ಗಿಟಾರಿನ ಮೇಲಿನ ಕೊಂಬಿಗೆ ಗದ್ದ ಊರಿ ನುಡಿಸಿದೆ. ಹಾಗೆ ಊರಿದರೆ ಕಟ್ಟಿಗೆಯ ಕಂಪನ ದವಡೆ ಎಲುಬಿನಿಂದ ನೇರವಾಗಿ ಕಿವಿಗೆ ಬರುತ್ತದೆ. ಕರಿ ಒಂದು ಮುಟ್ಟಿದೊಡನೆ ಗಿಲಿಗಿಲಿ ಸ್ಪಷ್ಟವಾಗಿ ಕೇಳಿತು. ಸದ್ದು ಗಿಟಾರಿನದೇ.

ಇನ್ನು ಹುಡುಕಾಟ. ಇದಕ್ಕೆ ಮೂರು ಕೈ ಬೇಕು. ಎಡಗೈ ಫ್ರೆಟ್ಟಿನ ಮೇಲೆ, ಬಲಗೈ ತಂತಿಯ ಮೇಲೆ, ಮತ್ತೊಂದು ಕೈ ಒಂದೊಂದೇ ಬಿಡಿಭಾಗ ಒತ್ತಿ ಹಿಡಿಯಲು. ಒತ್ತಿದಾಗ ಸದ್ದು ನಿಂತರೆ ಕಳ್ಳ ಸಿಕ್ಕ ಹಾಗೆ. ಪಿಯುಸಿ ಓದುವ ತಂಗಿಗೆ ಎ ತಂತಿಯ ನಾಲ್ಕನೇ ಫ್ರೆಟ್ ತೋರಿಸಿ, 'ಇಲ್ಲೇ ಒತ್ತಿ ಹಿಡದ ಬಾರಿಸಾಕತ್ತಿರು' ಅಂದೆ. ಐದು ನಿಮಿಷಕ್ಕೆ ಅವಳ ಬೆರಳು ಕೆಂಪಾಯಿತು. 'ಅಣ್ಣಾ, ಇದೇನ ವಾದ್ಯನೋ ಶಿಕ್ಷಾನೋ' ಅಂದಳು. ನಾನು ತಲೆಯ ಕಡೆಯಿಂದ ಶುರು ಮಾಡಿದೆ. ಶ್ರುತಿ ಕೀಲಿಗಳು, ತಂತಿಯನ್ನು ಒತ್ತಿ ಹಿಡಿಯುವ ಚಿಕ್ಕ ತಗಡು, ಪಿಕಪ್ ಮುಚ್ಚಳ, ಪಿಕ್‌ಗಾರ್ಡಿನ ಸ್ಕ್ರೂ, ಬೆಲ್ಟಿನ ಗುಂಡಿ, ಬ್ರಿಡ್ಜ್.

ಮೂರನೇ ಕೀಲಿಯ ಬುಡ ಒತ್ತಿದಾಗ ಸದ್ದು ಅರ್ಧಕ್ಕೆ ಇಳಿಯಿತು. ಮುಂಭಾಗದಲ್ಲಿ ಅದನ್ನು ಬಿಗಿಯುವ ಆರು ಮೂಲೆಯ ನಟ್ ಬೆರಳಿನಿಂದಲೇ ತಿರುಗುವಷ್ಟು ಸಡಿಲವಾಗಿತ್ತು. ಅಪ್ಪನ ಪಾನಾ ಪೆಟ್ಟಿಗೆ ತಂದು ಬಿಗಿದೆ, ಹಿತವಾಗಿ, ಜೋರು ಮಾಡದೆ. ಕೆಳಗಿರುವುದು ಕಬ್ಬಿಣವಲ್ಲ, ಮೃದು ಕಟ್ಟಿಗೆ.

ನಟ್ ತಾನಾಗಿ ಯಾಕೆ ಸಡಿಲಾಗುತ್ತದೆ? 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ ಇದಕ್ಕೊಂದು ಚಂದದ ಉತ್ತರ ಕೊಟ್ಟರು. ಬೋಲ್ಟನ್ನು ಉದ್ದಕ್ಕೆ ಎಳೆದು ಬಿಡುವುದಕ್ಕಿಂತ ಅಡ್ಡಡ್ಡ ಅಲ್ಲಾಡಿಸಿದರೆ ಅದು ಬಹಳ ಬೇಗ ಬಿಚ್ಚಿಕೊಳ್ಳುತ್ತದೆ ಎಂದು ಪ್ರಯೋಗದಿಂದ ತೋರಿಸಿದರು. ಅಡ್ಡ ಜಾರಿದ ಆ ಕ್ಷಣದಲ್ಲಿ ಎಳೆಗಳ ಘರ್ಷಣೆಯ ಹಿಡಿತ ತಪ್ಪುತ್ತದೆ, ಬಿಗಿತ ತಾನೇ ನಟ್ಟನ್ನು ಹಿಂದಕ್ಕೆ ತಿರುಗಿಸುತ್ತದೆ. ಬೋಲ್ಟ್ ಪರೀಕ್ಷಿಸುವ ಯುಂಕರ್ ಯಂತ್ರ ಇವತ್ತಿಗೂ ಕಾರು, ವಿಮಾನದ ಕಾರ್ಖಾನೆಗಳ ಕೆಲಸಕ್ಕೆ ಬರುತ್ತದೆ. ನನ್ನ ಗಿಟಾರಿಗೆ ಯುಂಕರ್ ಯಂತ್ರ ಅಂದರೆ ಕ್ರೂಸರ್‌ನ ಹಿಂದಿನ ಸೀಟು. ಕಬ್ಬಿನ ಸೀಸನ್‌ನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಓಡಾಡಿದ ರಸ್ತೆಯಲ್ಲಿ ಮುಧೋಳಕ್ಕೆ ಹೋಗಿ ಜಮಖಂಡಿಗೆ ಬಂದರೆ ಮನುಷ್ಯರ ಕೀಲೇ ಸಡಿಲಾಗುತ್ತವೆ, ಇನ್ನು ಸ್ಪೀಕರ್ ಡಬ್ಬಿಗಳ ನಡುವೆ ಸಿಕ್ಕ ಗಿಟಾರಿನ ಪಾಡೇನು!

ಎರಡನೇ ಕಳ್ಳ ಬ್ರಿಡ್ಜಿನಲ್ಲಿದ್ದ. ಪ್ರತಿ ತಂತಿಗೂ ಅಲ್ಲಿ ಒಂದು ಸ್ಯಾಡಲ್, ಅದರ ಎತ್ತರ ಹೊಂದಿಸಲು ತಲೆ ಇಲ್ಲದ ಎರಡು ಪುಟ್ಟ ಸ್ಕ್ರೂ, ಮಂಚಕ್ಕೆ ಕಾಲಿದ್ದ ಹಾಗೆ. ಡಿ ತಂತಿಯ ಸ್ಯಾಡಲ್ಲಿನಲ್ಲಿ ಒಂದು ಕಾಲು ನೆಲಕ್ಕೆ ತಾಗಿರಲಿಲ್ಲ. ಭಾರವೆಲ್ಲ ಇನ್ನೊಂದರ ಮೇಲೆ, ಇದು ಗಾಳಿಯಲ್ಲಿ ತೂಗಾಡುತ್ತಿತ್ತು. ನುಡಿಸುತ್ತಿದ್ದದ್ದು ಎ ತಂತಿ, ಕುಣಿಯುತ್ತಿದ್ದದ್ದು ಡಿ ತಂತಿಯ ಸ್ಕ್ರೂ. ಬಿಡಿಭಾಗದ ಸದ್ದಿನ ಚೇಷ್ಟೆಯೇ ಇದು, ಬೈಸಿಕೊಳ್ಳುವವನು ಒಬ್ಬ, ಮಾಡಿದವನು ಇನ್ನೊಬ್ಬ. ಅಲೆನ್ ಕೀಯಿಂದ ಅದನ್ನು ಕೆಳಗಿಳಿಸಿ, ಮತ್ತೆ ಸರಿಯದಿರಲಿ ಅಂತ ತಂಗಿಯ ನೇಲ್ ಪಾಲಿಶ್ ಒಂದು ಹನಿ ಬಿಟ್ಟೆ. ಬೇಕಾದಾಗ ಅಲೆನ್ ಕೀ ಜೋರಾಗಿ ತಿರುಗಿಸಿದರೆ ಆ ಬಣ್ಣ ಒಡೆದು ಸ್ಕ್ರೂ ಬಿಡುತ್ತದೆ. ನೇಲ್ ಪಾಲಿಶ್ ಬಣ್ಣ ಗುಲಾಬಿ. ವೇದಿಕೆ ಮೇಲೆ ಯಾರಿಗೂ ಕಾಣುವುದಿಲ್ಲ ಬಿಡಿ.

ಇಷ್ಟಾದರೂ ಒಂದು ಮಂದ ಸದ್ದು ಉಳಿದಿತ್ತು. ಗಿಲಿಗಿಲಿ ಅಲ್ಲ, ಟರ್ರ್ ಅನ್ನುವಂಥದ್ದು. ಯಾವ ಭಾಗ ಒತ್ತಿದರೂ ನಿಲ್ಲುತ್ತಿರಲಿಲ್ಲ. ಮೂರು ದಿನ ಹೀಗೇ ಕಳೆದವು. ಯೂಟ್ಯೂಬಿನಲ್ಲಿ ನೋಡಿದವರೆಲ್ಲ ನಮ್ಮ ಹತ್ತಿರ ಇಲ್ಲದ ಒಂದೊಂದು ಸಾಧನ ಹಿಡಿದುಕೊಂಡು ಮಾತಾಡುತ್ತಿದ್ದರು.

ಆಗ ಬಂದವರು ಜಾಬರ್ ಕಾಕಾ. ಮಗ್ಗಗಳ ರಿಪೇರಿ, ಹೊಂದಾಣಿಕೆ ಮಾಡುವವರಿಗೆ ನಮ್ಮ ಕಡೆ ಜಾಬರ್ ಅನ್ನುತ್ತಾರೆ. ನಮ್ಮ ನಾಲ್ಕನೇ ಮಗ್ಗ ನೋಡಲು ಬಂದಿದ್ದರು. ಮಗ್ಗ ಓಡುತ್ತಿರುವಾಗಲೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಮೇಲೆ ಊರಿ, ಹಿಡಿಕೆಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚುತ್ತಾರೆ. ಡಾಕ್ಟರರ ಸ್ಟೆತಾಸ್ಕೋಪ್ ಇದ್ದ ಹಾಗೆ. ಕಾಲೇಜಿನಲ್ಲಿ ನಮಗೆ ಸೆನ್ಸರ್ ಅಂಟಿಸಿ, ಕಂಪ್ಯೂಟರಿನಲ್ಲಿ ಗ್ರಾಫ್ ನೋಡಿ ಬೇರಿಂಗ್ ಹಾಳಾದದ್ದು ಕಂಡುಹಿಡಿಯಲು ಕಲಿಸುತ್ತಾರೆ. ಕಾಕಾ ಓದಿದ್ದು ಏಳನೇ ಇಯತ್ತೆ. ಅವರ ಕಿವಿಗೂ ಆ ಗ್ರಾಫಿಗೂ ಜಗಳ ಹಚ್ಚಿದರೆ ನಾನು ಕಿವಿಯ ಕಡೆ ನಿಲ್ಲುತ್ತೇನೆ.

ಚಹಾ ಕುಡಿಯುತ್ತಾ ನನ್ನ ಪಾಡು ಕೇಳಿ, 'ತಾರಪಾ ನೋಡೂನು' ಅಂದರು. ಬೇಸ್ ಗಿಟಾರ್ ಮೊದಲ ಸಲ ಮುಟ್ಟಿದ್ದು ಅವರು. ನಾನು ಕರಿ ಒಂದು ನುಡಿಸುತ್ತಿದ್ದೆ, ಅವರು ಸ್ಕ್ರೂಡ್ರೈವರನ್ನು ಬ್ರಿಡ್ಜಿನಿಂದ ಮೇಲಕ್ಕೆ ಒಂದೊಂದೇ ಗೇಣು ಸರಿಸುತ್ತ ಬಂದರು. ಕುತ್ತಿಗೆಯ ಹಿಂಭಾಗದ ನಡುಮಧ್ಯಕ್ಕೆ ಬಂದಾಗ ನಿಂತರು. ಬೆರಳ ಗೆಣ್ಣಿನಿಂದ ಅಲ್ಲೇ ಎರಡು ಸಲ ತಟ್ಟಿದರು.

'ಇದು ಹೊರಗಿಂದಲ್ಲೋ ತಮ್ಮಾ, ಒಳಗಿಂದು. ಈ ಕಟಗಿಯೊಳಗ ಏನರೆ ಸಳಿ ಐತೇನು?'

ಇದೆ. ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 80 ಕೆ.ಜಿ. ತೂಕದಷ್ಟು, ಅಂದರೆ ಒಂದೂವರೆ ಸಿಮೆಂಟ್ ಚೀಲ ನೇತುಹಾಕಿದ ಹಾಗೆ. ಬರೀ ಕಟ್ಟಿಗೆ ಆದರೆ ಬಿಲ್ಲಿನಂತೆ ಬಾಗುತ್ತದೆ. ಅದನ್ನು ಎದುರಿಸಲು ಕುತ್ತಿಗೆಯೊಳಗೆ ಉದ್ದಕ್ಕೆ ಒಂದು ಉಕ್ಕಿನ ಸಳಿ ಕೂರಿಸಿರುತ್ತಾರೆ, ಟ್ರಸ್ ರಾಡ್ ಅಂತ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ 1920ರ ದಶಕದಲ್ಲಿ ಇದಕ್ಕೆ ಪೇಟೆಂಟ್ ಪಡೆದವರು. ತುದಿಯ ನಟ್ ಬಿಗಿದರೆ ಕುತ್ತಿಗೆ ನೆಟ್ಟಗಾಗುತ್ತದೆ, ಸಡಿಲಿಸಿದರೆ ತಂತಿಯ ಕಡೆಗೆ ಬಾಗುತ್ತದೆ. ನನ್ನ ಗಿಟಾರಿನಲ್ಲಿ ಆ ನಟ್ ಹಿಡಿತವೇ ಇಲ್ಲದೆ ಬಿಟ್ಟುಕೊಂಡಿತ್ತು. ಸಳಿ ತನ್ನ ಕಾಲುವೆಯಲ್ಲಿ ಸುಮ್ಮನೆ ಬಿದ್ದಿತ್ತು, ಕರಿ ಒಂದಕ್ಕೆ ಎದ್ದು ಕುಣಿಯುತ್ತಿತ್ತು. ಕೊಲ್ಲಾಪುರದಿಂದ ತಂದಾಗಲೇ ಹಾಗಿತ್ತೋ, ದಾರಿಯಲ್ಲಿ ಆಯಿತೋ, ಕುತ್ತಿಗೆಯನ್ನೇ ಕೇಳಬೇಕು.

ಟ್ರಸ್ ರಾಡ್ ವಿಷಯದಲ್ಲಿ ಅವಸರ ಬೇಡ. ತಂತಿಗಳನ್ನು ಸ್ವಲ್ಪ ಸಡಿಲಿಸಿ, ಸರಿಯಾಗಿ ಕೂರುವ ಅಲೆನ್ ಕೀ ಹಾಕಿ, ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ. ಮತ್ತೆ ಶ್ರುತಿ ಮಾಡಿ, ಅರ್ಧ ತಾಸು ಬಿಟ್ಟು ನೋಡಬೇಕು. ಗಟ್ಟಿಯಾಗಿ ಬಿಗಿ ಅನ್ನಿಸಿದರೆ ಅಲ್ಲಿಗೆ ಕೈ ಬಿಟ್ಟು ತಿಳಿದವರಿಗೆ ಒಯ್ಯಬೇಕು, ಸಳಿ ಮುರಿದರೆ ಕುತ್ತಿಗೆಯೇ ಹೋಯಿತು. ನನಗೆ ಮೂರನೇ ಸಲಕ್ಕೆ ನಟ್ ಹಿಡಿತಕ್ಕೆ ಬಂತು. ಟರ್ರ್ ನಿಂತಿತು.

ಸದ್ದು ನಿಂತ ಖುಷಿಯಲ್ಲಿ ಕೆಲಸ ಮುಗಿಯುವುದಿಲ್ಲ. ಕುತ್ತಿಗೆ ನೆಟ್ಟಗಾದಂತೆ ತಂತಿ ಫ್ರೆಟ್ಟಿಗೆ ಹತ್ತಿರ ಬರುತ್ತದೆ, ಆಗ ಮೊದಲು ಹೇಳಿದ ಇನ್ನೊಂದು ಜಾತಿಯ ಸದ್ದು ಶುರುವಾಗಬಹುದು. ಅಳತೆ ಬೇಕು. ರಬಕವಿಯ ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜ್ ಇರುತ್ತದಲ್ಲ, ತೆಳು ಉಕ್ಕಿನ ಪಟ್ಟಿಗಳ ಗೊಂಚಲು, ಅದನ್ನು ಒಂದು ಸಂಜೆಗೆ ಇಸಿದುಕೊಂಡು ಬಂದೆ. ಇ ತಂತಿಯನ್ನು ಮೊದಲ ಫ್ರೆಟ್ಟಿಗೂ ಕೊನೆಯ ಫ್ರೆಟ್ಟಿಗೂ ಒತ್ತಿ ಹಿಡಿದರೆ ತಂತಿಯೇ ನೆಟ್ಟಗಿನ ಅಳತೆಪಟ್ಟಿ ಆಗುತ್ತದೆ. ನಡುವೆ, ಏಳೆಂಟನೇ ಫ್ರೆಟ್ಟಿನ ಮೇಲೆ, ಎಷ್ಟು ಸಂದಿ ಇದೆ ನೋಡಬೇಕು. 0.3 ಮಿ.ಮೀ. ಪಟ್ಟಿ ತಾಗಿಯೂ ತಾಗದ ಹಾಗೆ ಜಾರಿತು. ಬೇಸ್‌ಗೆ ಅದು ಒಳ್ಳೆಯ ಅಳತೆ. ಇ ತಂತಿಯ ಎತ್ತರ ಹನ್ನೆರಡನೇ ಫ್ರೆಟ್ಟಿನಲ್ಲಿ ಎರಡು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಇರುವಂತೆ ಸ್ಯಾಡಲ್ ಏರಿಸಿದೆ. ನಮ್ಮದು ಒಣ ಸೀಮೆ. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ, ಮಳೆಗಾಲದಲ್ಲಿ ತೇವ ಹೀರಿ ಈ ಅಳತೆ ಮತ್ತೆ ಬದಲಾಗುತ್ತದೆ. ವರ್ಷಕ್ಕೆ ಎರಡು ಸಲವಾದರೂ ನೋಡಿಕೊಳ್ಳುವುದು ಒಳ್ಳೆಯದು.

ಗೇಜ್ ಮರಳಿ ಕೊಡಲು ಹೋದಾಗ ಗ್ಯಾರೇಜಿನಲ್ಲಿ ಕೂತಿದ್ದ ಹಿರಿಯರೊಬ್ಬರು, ಭಜನಿ ಮೇಳದವರು, ನನ್ನ ಕಥೆ ಕೇಳಿ ನಕ್ಕರು. 'ನೀ ತಗೀಲಿಕ್ಕೆ ಒದ್ದಾಡಾಕತ್ತಿ, ತಂಬೂರಿಯವ್ರು ಅದನ್ನ ಹಾಕ್ಲಿಕ್ಕೆ ಒದ್ದಾಡ್ತಾರ' ಅಂದರು. ಖರೇ ಮಾತು. ಅಥಣಿ ದಾಟಿ ಹೋದರೆ ಸಿಗುವ ಮಿರಜ್‌ನಲ್ಲಿ ತಲೆಮಾರುಗಳಿಂದ ಸಿತಾರ್, ತಂಬೂರಿ ಮಾಡುತ್ತಾರೆ. ಆಯುಧಕ್ಕೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ವಾದ್ಯದ ಕಡೆ ಹೊರಳಿದವು. 2024ರಲ್ಲಿ ಅಲ್ಲಿನ ಸಿತಾರ್, ತಂಬೂರಿಗಳಿಗೆ ಜಿಐ ಮಾನ್ಯತೆಯೂ ಸಿಕ್ಕಿತು. ತಂಬೂರಿಯ ಕುದುರೆ ಚಪ್ಪಟೆಯಾಗಿ, ಸ್ವಲ್ಪ ಬಾಗಿರುತ್ತದೆ. ಅದರ ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಸರಿಸಿ, ತಂತಿ ಕುದುರೆಯನ್ನು ಸವರಿಕೊಂಡು ಹೋಗುವ ಹಾಗೆ ಮಾಡುತ್ತಾರೆ. ಆಗಲೇ ಆ ಝೇಂಕಾರ. ಅದಕ್ಕೆ ಜವಾರಿ ಅಂತ ಹೆಸರು. ದಾರ ಕೂದಲೆಳೆಯಷ್ಟು ಆಚೆ ಈಚೆ ಆದರೂ ತಂಬೂರಿ ಮೂಕ. ಅಂದರೆ ನಾನು ಒಂಬತ್ತು ದಿನ ಬೈದ ವಸ್ತುವಿಗೇ ಅಲ್ಲಿ ಜೀವಾಳ ಅನ್ನುತ್ತಾರೆ! ವ್ಯತ್ಯಾಸ ಇಷ್ಟೇ, ಅವರ ಸದ್ದು ಎಲ್ಲ ಸ್ವರಕ್ಕೂ ಒಂದೇ ಸಮನೆ ಬರುತ್ತದೆ, ನನ್ನದು ಕರಿ ಒಂದಕ್ಕೆ ಮಾತ್ರ ಹಟ ಮಾಡುತ್ತಿತ್ತು.

ಬುಧವಾರ ಬೀಳಗಿಗೆ ಹೋದೆವು. ಗಿಟಾರನ್ನು ಹಳೇ ಚಾದರದಲ್ಲಿ ಸುತ್ತಿ, ಸ್ಪೀಕರ್ ಡಬ್ಬಿಗಳ ನಡುವೆ ಇಡದೆ ತೊಡೆ ಮೇಲೆ ಇಟ್ಟುಕೊಂಡಿದ್ದೆ. ಸೌಂಡ್ ಚೆಕ್‌ನಲ್ಲಿ ಮಾಸ್ತರ್ ಬೇಕಂತಲೇ ಕರಿ ಒಂದರ ಹಾಡು ಹಿಡಿದರು. ಎರಡು ಚರಣ ಆಗುವವರೆಗೆ ನನ್ನ ಕಡೆ ಕಿವಿ ಇಟ್ಟಿದ್ದರು, ಆಮೇಲೆ ಮೈಕಿನವನಿಗೆ 'ಬೇಸ್ ಸ್ವಲ್ಪ ಏರಸ' ಅಂದರು. ನನಗೆ ಏನೂ ಅನ್ನಲಿಲ್ಲ. ಕಾರ್ಯಕ್ರಮ ಮುಗಿದು ಪಾಕೀಟು ಕೊಡುವಾಗ ಮುಂದಿನ ಎರಡು ತಾರೀಖು ಹೇಳಿದರು, ಒಂದು ಜಮಖಂಡಿ, ಒಂದು ಮುಧೋಳ.

ಖರ್ಚಿನ ಲೆಕ್ಕ: ಅಲೆನ್ ಕೀ ಸೆಟ್ 150 ರೂಪಾಯಿ, ಗ್ಯಾರೇಜಿನ ಹುಡುಗನಿಗೆ ಚಹಾ, ತಂಗಿಗೆ ಹೊಸ ನೇಲ್ ಪಾಲಿಶ್. ಜಾಬರ್ ಕಾಕಾ ದುಡ್ಡು ಮುಟ್ಟಲಿಲ್ಲ, ಅವರ ಮಗನಿಗೆ ಡಿಪ್ಲೊಮಾ ಗಣಿತ ಹೇಳಿಕೊಡುವುದು ಅಂತ ಆಯಿತು.

ಒಂದು ಮಾತ್ರ ಉಳಿದಿದೆ. ಜಿ ತಂತಿಯ ಹದಿನಾಲ್ಕನೇ ಫ್ರೆಟ್ಟಿನಲ್ಲಿ ಒಂದು ಸಣ್ಣ ಜುಂಯ್ ಇದೆ. ಅದು ಬಿಡಿಭಾಗದ್ದಲ್ಲ, ಅದೇ ಸ್ವರವನ್ನು ಡಿ ತಂತಿಯಲ್ಲಿ ಹತ್ತೊಂಬತ್ತನೇ ಫ್ರೆಟ್ಟಿಗೆ ಹೋಗಿ ನುಡಿಸಿದರೆ ಬರುವುದಿಲ್ಲ. ಅದರ ಮುಂದಿನ ಫ್ರೆಟ್ ಕೂದಲೆಳೆಯಷ್ಟು ಎದ್ದಿರಬೇಕು. ಅದನ್ನು ಅರದಿಂದ ಉಜ್ಜಿ ಸಮ ಮಾಡುವುದು ಕೈ ಪಳಗಿದವರ ಕೆಲಸ, ನಾನು ಮುಟ್ಟುವುದಿಲ್ಲ. ಆಂಪ್ಲಿಫೈಯರಿನಲ್ಲಿ ಕೇಳಿಸುವುದೂ ಇಲ್ಲ. ಕರೆಂಟ್ ಹೋದಾಗ, ಕಟ್ಟೆ ಮೇಲೆ ಕೂತಾಗ ಮಾತ್ರ ಕೇಳುತ್ತದೆ.